ಓತಿಗೆ ಎರಡು ಸಾಕ್ಷಿ

ಮಾರ್ಚ್ ೩, ಸೋಮವಾರ

ಇಂದು ಮಧ್ಯಾಹ್ನ ಕ್ವಾರಿಯವರು ಬೆಟ್ಟದ ಪೂರ್ವದ ಹೆಗಲನ್ನು ಸಿಡಿಸಿದರು. ಇದು ಕೊಲೆ. ಕಲ್ಲಿಗೆ ಜೀವವಿಲ್ಲ ಎನ್ನುವವರು ಆ ಕಲ್ಲಿನ ಬಿರುಕಿನೊಳಗೆ ಒಮ್ಮೆ ಇಣುಕಿ ನೋಡಲಿ.

ಮದ್ದಿಗೆ ಕಿಡಿ ಕೊಟ್ಟವನು ಯಾರೆಂದು ನನಗೆ ಗೊತ್ತು. ಊರಿಗೆಲ್ಲ ಅವನು ಮದ್ದಿನ ಮೇಸ್ತ್ರಿ. ನನ್ನನ್ನು ಹುಟ್ಟಿಸಿದವನೂ ಅವನೇ. ಅಂಥವನನ್ನು ಮಗನಾದವನು ಕರೆಯುವ ಪದವೊಂದಿದೆ. ಅದನ್ನು ನಾನಾಗಿ ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಅಮ್ಮ ಸತ್ತ ದಿನ ಅವನು ಬೆಟ್ಟದ ಮೇಲಿದ್ದ. ಹೇಳಿ ಕಳಿಸಿದರೂ ಇಳಿದು ಬರಲಿಲ್ಲ. ಸೈರನ್ ಕೂಗಿ, ಬಂಡೆ ಸಿಡಿದು, ದೂಳು ಅಡಗಿದ ಮೇಲೆ ಬಂದ. ಅಷ್ಟರಲ್ಲಿ ನನ್ನ ಕೈಯೊಳಗಿದ್ದ ಅಮ್ಮನ ಕೈ ತಣ್ಣಗಾಗಿತ್ತು.

ಈ ಸಲ ಕ್ವಾರಿಯನ್ನು ವಿರೋಧಿಸುವ ನಮ್ಮ ವಾಚನಾಲಯದ ಗುಂಪಿನ ಹತ್ತಿರ ಸಾಕ್ಷಿಯಿದೆ. ನಾನು ವಸ್ತುಸಂಗ್ರಹಾಲಯದ ಪ್ರಯೋಗಾಲಯದಲ್ಲಿ ಓತಿಕ್ಯಾತ ಹಿಡಿಯುವವನು, ನಳಿಕೆ ತೊಳೆಯುವವನು. ಪದವಿಯಿಲ್ಲ. ಓದಿದ್ದೆಲ್ಲ ವಾಚನಾಲಯದ ಮೂಲೆಯ ಕರಪತ್ರಗಳಿಂದ. ಅದಕ್ಕೇ ಇಲ್ಲಿ ಎಲ್ಲರೂ ನನ್ನನ್ನು ಕರಪತ್ರ ಎಂದೇ ಕರೆಯುತ್ತಾರೆ. ಕರೆಯಲಿ. ಜೀವಕೋಶದೊಳಗೆ ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ, ಅವಕ್ಕೆ ತಮ್ಮದೇ ಒಂದು ಸಣ್ಣ ಡಿಎನ್ಎ ಎಳೆಯಿದೆ, ಆ ಎಳೆ ತಾಯಿಯಿಂದ ಮಾತ್ರ ಬರುತ್ತದೆ ಎಂಬುದನ್ನು ಕರಪತ್ರ ಓದಿದವನೂ ಅರ್ಥ ಮಾಡಿಕೊಳ್ಳಬಲ್ಲ. ಬೆಟ್ಟದ ನೆತ್ತಿಯಲ್ಲಿ ನಾನು ಹಿಡಿದ ಓತಿಗಳ ತಾಯಿ ಎಳೆಯನ್ನು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಓದಿಸಿದ್ದಾರೆ. ಅದು ಸುತ್ತಲ ಬಯಲಿನ ಓತಿಗಳದಕ್ಕೆ ಹೊಂದುವುದಿಲ್ಲ. ಈವರೆಗೆ ಯಾರೂ ಓದಿದ ಯಾವ ಓತಿಗೂ ಹೊಂದುವುದಿಲ್ಲ. ನೋಡಲು ಬಯಲಿನದರ ಹಾಗೇ ಇವೆ, ನಿಜ. ಆದರೆ ತಾಯಿ ಸುಳ್ಳು ಹೇಳುವುದಿಲ್ಲ. ಇದು ಬೇರೆ ಜಾತಿ. ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಹದಿನೆಂಟಕ್ಕೆ ಸರಕಾರದ ಪರಿಶೀಲನಾ ಸಮಿತಿ ಕೂರುತ್ತದೆ. ಇಷ್ಟನ್ನು ಒಪ್ಪಿಕೊಂಡರೆ ಕ್ವಾರಿ ನಿಲ್ಲುತ್ತದೆ.

‘ತಾಯಿಯೇ ಸಾಕ್ಷಿ’ ಎಂದು ಕರಪತ್ರ ಬರೆದು ಪ್ರೆಸ್ಸಿನ ಮಾಮನಿಗೆ ಕೊಟ್ಟೆ. ಮಾಮ ಕನ್ನಡಕದ ಮೇಲಿಂದ ನೋಡಿದ.

“ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಅಂತ ಗಾದೆ ಇದೆ. ನೀನು ಓತಿಯಾ, ಬೇಲಿಗೂಟಾನಾ?”

“ಅಚ್ಚು ಹಾಕು ಮಾಮ, ಗಾದೆ ಆಮೇಲೆ.”

“ಹಾಕ್ತೀನಪ್ಪ. ಗೂಟಕ್ಕೂ ಶಾಯಿ ಅಷ್ಟೇ ಆಗುತ್ತೆ.”

ಮಾರ್ಚ್ ೫, ಬುಧವಾರ

ಕರಪತ್ರ ಊರೆಲ್ಲ ಹರಡಿತು. ಬಸ್ ನಿಲ್ದಾಣದಲ್ಲಿ ಒಬ್ಬ ಅದರಲ್ಲಿ ಚಪ್ಪಲಿ ಸುತ್ತಿಕೊಂಡ. ಓದಿ ಸುತ್ತಿಕೊಂಡಿದ್ದರೆ ಬೇಸರವಿಲ್ಲ.

ಸಂಜೆ ಮನೆಗೆ ಬಂದಾಗ ಒಳಕೋಣೆಯ ಅರೆಗತ್ತಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಯಾರೋ ನಿಂತಿದ್ದರು. ಎಡಭುಜ ಸ್ವಲ್ಪ ಇಳಿದಿತ್ತು. ದೀಪ ಹಾಕಿದರೆ ಮೊಳೆಗೆ ನೇತುಬಿದ್ದ ಖಾಕಿ ಅಂಗಿ.

ದೊಡ್ಡಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. “ಅಂಗಿ ಕಚ್ಚಲ್ಲ ಕಣೋ. ನಿಮ್ಮಪ್ಪ ಕೊಟ್ಟು ಹೋದ. ಕಾಲರ್ ಸವೆದಿದೆ, ತಿರುವಿ ಹಾಕ್ಬೇಕು. ಬಟ್ಟೇನೂ ತಂದಿದಾನೆ, ಇನ್ನೊಂದು ಹೊಲಿಯೋಕೆ.”

“ಅವನ ಬಟ್ಟೆ ಈ ಮನೇಲಿ ಯಾಕೆ ಹೊಲೀತೀಯ?”

“ನಾನು ದರ್ಜಿ, ಬಟ್ಟೆ ಹೊಲೀತೀನಿ. ನೀನು ಊರು ಉದ್ಧಾರ ಮಾಡ್ತೀಯ. ಅವರವರ ಕಸುಬು ಅವರವರಿಗೆ.”

ದೊಡ್ಡಮ್ಮ ಅಮ್ಮನ ಅಕ್ಕ. ಮಕ್ಕಳಿಲ್ಲ. ಅಮ್ಮ ಹೋದಂದಿನಿಂದ ನಾನು ಇವಳ ಮನೆಯಲ್ಲಿದ್ದೇನೆ. ನಕ್ಕಾಗ ಅವಳ ಬಾಯಿ ಅಮ್ಮನದೇ. ಹಾಗಾಗಿ ನಾನು ಅವಳನ್ನು ನಗಿಸುವುದು ಕಡಿಮೆ.

ಬೆಳಗಿನ ಜಾವದ ಕನಸಿನಲ್ಲಿ ಮತ್ತೆ ಆ ಬಾಲ ಬಂದಿತ್ತು. ಓತಿ ಹಿಡಿಯುವುದು ಹೀಗೆ: ಉದ್ದ ಕೋಲಿನ ತುದಿಗೆ ದಾರದ ಕುಣಿಕೆ, ಉಸಿರು ಬಿಗಿಹಿಡಿದು ಅದರ ಕತ್ತಿಗೆ ಇಳಿಸಬೇಕು. ಬಾಲದ ತುದಿಯನ್ನು ಕತ್ತರಿಯಿಂದ ತೆಗೆದು ಸ್ಪಿರಿಟ್ ನಳಿಕೆಗೆ ಹಾಕಿ ಓತಿಯನ್ನು ಬಿಟ್ಟುಬಿಡಬೇಕು. ಕೊಲ್ಲಬಾರದೆಂದು ಹಠ ಹಿಡಿದವನು ನಾನೇ; ಮೇಡಂ ಒಪ್ಪಿದರು. ಆದರೆ ಮನೆಯ ಹಲ್ಲಿಯ ಹಾಗಲ್ಲ, ಈ ಓತಿಗೆ ಬಾಲ ಮತ್ತೆ ಬೆಳೆಯುವುದಿಲ್ಲ. ಕತ್ತರಿಸಿದ ತುದಿ ಚಿಮಟದಲ್ಲಿ ಒಮ್ಮೊಮ್ಮೆ ಮಿಸುಕುತ್ತದೆ. ಕನಸಿನಲ್ಲಿ ಅದು ಮಿಸುಕುವುದನ್ನು ನಿಲ್ಲಿಸುವುದೇ ಇಲ್ಲ.

ಮಾರ್ಚ್ ೭, ಶುಕ್ರವಾರ

ಮೇಡಂ ಏನನ್ನೋ ಮುಚ್ಚಿಡುತ್ತಿದ್ದಾರೆ.

ಚಹಾ ಕೊಡಲು ಹೋದಾಗ ಅವರ ಪರದೆಯ ಮೇಲೆ ಎರಡು ವಂಶವೃಕ್ಷಗಳು ಪಕ್ಕಪಕ್ಕದಲ್ಲಿದ್ದವು. ಎಡಗಡೆಯದು ನನಗೆ ಗೊತ್ತಿರುವುದೇ, ತಾಯಿ ಎಳೆಯದು. ಅದರಲ್ಲಿ ನಮ್ಮ ಬೆಟ್ಟದ ಓತಿ ಬುಡದಲ್ಲೇ ಕವಲೊಡೆದು ದೂರ ಒಂಟಿಯಾಗಿ ನಿಂತಿದೆ. ಬಲಗಡೆಯದು ಹೊಸದು. ಅದರಲ್ಲಿ ಬೆಟ್ಟದವೂ ಬಯಲಿನವೂ ಒಂದೇ ರೆಂಬೆಯಲ್ಲಿ ಕಲಸಿಹೋಗಿದ್ದವು, ಯಾವುದು ಯಾವುದೆಂದು ತಿಳಿಯದ ಹಾಗೆ.

“ಇದ್ಯಾವುದು ಮೇಡಂ?”

“ನ್ಯೂಕ್ಲಿಯಸ್ಸಿನ ಡಿಎನ್ಎ. ತಂದೆ ತಾಯಿ ಇಬ್ಬರಿಂದಲೂ ಬರೋದು. ಕಣ್ಣು, ಮೈ, ಬಣ್ಣ ಎಲ್ಲ ಬರೆದಿರೋದು ಇದರಲ್ಲೇ.”

“ತಪ್ಪಾಗಿದೆ.”

“ಆಗಿರಬಹುದು. ನಾನಿನ್ನೂ ಯೋಚನೆ ಮಾಡ್ಬೇಕು. ಸದ್ಯಕ್ಕೆ ಯಾರಿಗೂ ಹೇಳ್ಬೇಡ.”

ಯಾರಿಗೂ ಹೇಳಬೇಡ ಎಂಬ ಮಾತು ಬಂದ ಕಡೆ ಯಾರೋ ಯಾರನ್ನೋ ಮಾರುತ್ತಿರುತ್ತಾರೆ. ಇದನ್ನು ನಾನು ಹತ್ತು ಕರಪತ್ರಗಳಲ್ಲಿ ಓದಿದ್ದೇನೆ. ಹೊರಗೆ ಬಂದರೆ ಅಂಗಳದಲ್ಲಿ ಕ್ವಾರಿಯ ಜೀಪು ನಿಂತಿತ್ತು. ಇನ್ನೇನು ಬೇಕು?

ಜಾಡಿಗಳ ಮೊಗಸಾಲೆಯಲ್ಲಿ ಬರುವಾಗ ಸ್ಪಿರಿಟ್‌ನಲ್ಲಿ ಬೆಳ್ಳಗಾದ ಹಳೆಯ ಓತಿಗಳ ನಡುವೆ, ಗಾಜಿನಲ್ಲಿ ಅವನ ಮುಖ ಕಂಡಿತು. ಮದ್ದಿನವನ ಮುಖ, ನನ್ನ ಬೆನ್ನ ಹಿಂದೆ. ತಿರುಗಿದೆ. ಯಾರೂ ಇರಲಿಲ್ಲ.

ಮಾರ್ಚ್ ೮, ಶನಿವಾರ

‘ಮಾರಾಟವಾದ ವಿಜ್ಞಾನ’ ಬರೆದು ಮುಗಿಸಿದೆ. ನಾನು ಬರೆದದ್ದರಲ್ಲೆಲ್ಲ ಹರಿತವಾದದ್ದು. ಮಾಮ ನಿಂತೇ ಓದಿದ, ಮತ್ತೆ ಕೂತು ಓದಿದ.

“ಆ ಹೆಂಗಸನ್ನ ಒಂದು ಮಾತು ಕೇಳಿದ್ಯಾ?”

“ಕಳ್ಳನ್ನ ಕೇಳಿ ಪೊಲೀಸರು ಬರ್ತಾರಾ?”

“ಕೇಳದೆ ಬರೋರನ್ನೂ ನೋಡಿದೀನಿ. ಸೋಮವಾರ ಸಂಜೆ ಅಚ್ಚಿಗೆ ಹಾಕ್ತೀನಿ. ಅಷ್ಟರೊಳಗೆ ಕೇಳು. ನೀನೇ ಕೇಳು.”

ಮುದುಕರಿಗೆ ಹೆದರಿಕೆ ಜಾಸ್ತಿ. ಕೇಳುತ್ತೇನೆ.

ಮಾರ್ಚ್ ೧೦, ಸೋಮವಾರ

ಕೇಳಿದೆ. ನಡೆದಂತೆಯೇ ಬರೆಯಲು ಯತ್ನಿಸುತ್ತೇನೆ.

“ಶುಕ್ರವಾರ ಕ್ವಾರಿ ಜೀಪು ಯಾಕೆ ಬಂದಿತ್ತು ಮೇಡಂ?”

“ಶಿಲಾ ವಿಭಾಗಕ್ಕೆ ಕಲ್ಲಿನ ಮಾದರಿ ಕೊಡೋಕೆ. ಪ್ರತಿ ವರ್ಷ ಕೊಡ್ತಾರೆ.” ಆಮೇಲೆ ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು. “ಓಹೋ. ನನ್ನನ್ನ ಕೊಂಡುಕೊಳ್ಳೋಕೆ ಅಂದುಕೊಂಡ್ಯಾ? ಅಷ್ಟು ಹಳೇ ಜೀಪಲ್ಲಾ? ಒಂದು ಕಾರಾದ್ರೂ ಕಳಿಸ್ತಾರೆ ಅಂತ ನನ್ನ ಆಸೆ.”

ನನಗೆ ನಗು ಬರಲಿಲ್ಲ. ಎರಡನೆಯ ಮರ ಯಾಕೆ ಮುಚ್ಚಿಟ್ಟಿರಿ ಎಂದೆ.

“ನಿನ್ನ ಅನುಮಾನಾನೇ ನನಗೂ ಬಂತು. ನಳಿಕೆ ಅದಲುಬದಲು ಆಗಿದ್ಯಾ ಅಂತ ಮತ್ತೆ ಮಾಡಿಸ್ದೆ. ಇವತ್ತು ಬೆಳಿಗ್ಗೆ ಬಂತು. ಅದೇ ಉತ್ತರ.”

“ಹಾಗಾದ್ರೆ ತಾಯಿ ಸುಳ್ಳು ಹೇಳ್ತಿದಾಳಾ?”

“ಯಾರೂ ಸುಳ್ಳು ಹೇಳ್ತಿಲ್ಲ. ಕಷ್ಟ ಇರೋದೇ ಅಲ್ಲಿ.”

ಕೂರು ಎಂದರು. ಕೂತೆ.

“ತುಂಬಾ ಹಿಂದೆ ಆ ಬೆಟ್ಟದ ಮೇಲೆ ಬೇರೇನೇ ಒಂದು ಓತಿ ಇತ್ತು ಅಂತಿಟ್ಕೋ. ಬಯಲಿನ ಗಂಡು ಮೇಲೆ ಹತ್ತಿತು, ಅಲ್ಲಿನ ಹೆಣ್ಣನ್ನ ಕೂಡಿತು. ಹುಟ್ಟಿದ ಮಗಳು ಅರ್ಧ ಬೆಟ್ಟ, ಅರ್ಧ ಬಯಲು. ಆ ಮಗಳಿಗೂ ಬಯಲಿನ ಗಂಡೇ ಸಿಕ್ಕಿತು. ಅವಳ ಮಗಳಿಗೂ ಅಷ್ಟೇ. ಪ್ರತಿ ಸಲ ಬೆಟ್ಟದ ಪಾಲು ಅರ್ಧರ್ಧ ಕರಗ್ತಾ ಹೋಯ್ತು. ತಾಯಿ ಎಳೆ ಮಾತ್ರ ಕರಗಲ್ಲ. ಅದು ಇಡಿಯಾಗಿ ಮಗಳಿಗೆ ಹೋಗುತ್ತೆ, ಮೊಮ್ಮಗಳಿಗೆ ಹೋಗುತ್ತೆ. ಕೊನೆಗೆ ಮೈಯೆಲ್ಲ ಬಯಲಿನ ಓತಿ, ಎಳೆಯೊಂದು ಮಾತ್ರ ಆ ಹಳೇ ತಾಯಿದು.”

“ಆ ತಾಯಿ ಕುಲ ಈಗ ಎಲ್ಲಿದೆ?”

“ಎಲ್ಲೂ ಇಲ್ಲ ಅಂತ ಕಾಣುತ್ತೆ. ಮೂಳೆ ಸಿಕ್ಕಿಲ್ಲ, ಜಾಡೀಲಿಲ್ಲ, ಯಾರೂ ಕಂಡಿಲ್ಲ. ಇಂಥದ್ದಕ್ಕೆ ನಾವು ದೆವ್ವದ ಕುಲ ಅಂತೀವಿ. ಇದ್ದಿದ್ದು ಗೊತ್ತಾಗೋದು ಬೇರೆಯವರ ಮೈಯೊಳಗೆ.”

ಕಿಟಕಿಯಾಚೆ ಬೆಟ್ಟ ಕಾಣುತ್ತಿತ್ತು, ಹೆಗಲು ಕಳೆದುಕೊಂಡ ಬೆಟ್ಟ. “ಎಳೆ ಇದ್ದರೆ ತಾಯಿ ಇದ್ದ ಹಾಗೇ ಅಲ್ವಾ?” ಎಂದೆ. “ನನ್ನಲ್ಲಿ ನಮ್ಮಮ್ಮಂದು ಇದೆ.”

“ಇದೆ. ಆದ್ರೆ ನೀನು ಗಂಡು. ನಿನ್ನಲ್ಲೇ ನಿಲ್ಲುತ್ತೆ, ನಿನ್ನ ಮಕ್ಕಳಿಗೆ ಹೋಗಲ್ಲ. ಅಕ್ಕತಂಗಿ ಇದಾರಾ?”

“ಇಲ್ಲ.”

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆ ಮಾತು ಆಡಬಾರದಿತ್ತು ಎಂದು ಅವರಿಗೆ ಅನಿಸಿರಬೇಕು. “ಅಪ್ಪ ಅಮ್ಮ ಇಬ್ಬರದೂ ಕಲೆತದ್ದು ಹೋಗುತ್ತಲ್ಲ. ಅದೇ ಹೆಚ್ಚು, ಅದೇ ಮುಖ್ಯ.”

“ನಾನು ಅಮ್ಮನಿಂದ ಮಾತ್ರ ಹುಟ್ಟಿದವನು.”

“ಕೆಲವು ಹಲ್ಲಿ ಜಾತಿಲಿ ಹಾಗೆ ಹುಟ್ಟುತ್ವೆ,” ಎಂದರು ಮೇಡಂ. “ನೀನು ಆ ಜಾತಿ ಅಲ್ಲ.”

ಪ್ರೆಸ್ಸಿಗೆ ಹೋಗಿ ಎರಡನೆಯ ಕರಪತ್ರವನ್ನು ನಿಲ್ಲಿಸಿದೆ. ಮಾಮ ಅದನ್ನು ಅಚ್ಚಿಗೆ ಜೋಡಿಸಿಯೇ ಇರಲಿಲ್ಲ. ಚಹಾ ಕೊಟ್ಟ.

ಮಾರ್ಚ್ ೧೧, ಮಂಗಳವಾರ

ಅಮ್ಮನ ಎಳೆ ದೊಡ್ಡಮ್ಮನಲ್ಲಿ ನಿಲ್ಲುತ್ತದೆ. ನನ್ನಲ್ಲಿ ನಿಲ್ಲುತ್ತದೆ. ಇಬ್ಬರೂ ಎದುರುಬದುರು ಕೂತು ಊಟ ಮಾಡಿದೆವು. ಉಪ್ಪು ಸಾಕಾ ಎಂದು ಕೇಳಿದಳು. ಸಾಕು ಎಂದೆ.

ಮಾರ್ಚ್ ೧೩, ಗುರುವಾರ

ರಜೆ ಹಾಕಿ ಬೆಟ್ಟ ಹತ್ತಿದೆ. ಕುಣಿಕೆ ಕೋಲು ಒಯ್ಯಲಿಲ್ಲ.

ನೆತ್ತಿಯ ಚಪ್ಪಟೆ ಬಂಡೆಯ ಮೇಲೆ ಒಂದು ಓತಿ ಬಿಸಿಲು ಕಾಯುತ್ತಿತ್ತು. ಮೊಂಡುಬಾಲ. ನನ್ನ ಕತ್ತರಿಯ ಗುರುತು. ಓಡಿಹೋಗಲಿಲ್ಲ. ಮುಂಗಾಲ ಮೇಲೆ ಎದೆಯೆತ್ತಿ ನಿಂತು ನನ್ನನ್ನೇ ನೋಡಿತು. ನೋಡುತ್ತಿರುವುದು ಈ ಓತಿಯೋ, ಇದರೊಳಗಿನ ಆ ಇನ್ನೊಂದೋ? ಕುಲವೆಲ್ಲ ಅಳಿದು, ಯಾರದೋ ಮೈಯಲ್ಲಿ ಒಲೆ ಉರಿಸುತ್ತ ಕೂತ ಆ ಮುತ್ತಜ್ಜಿಗೆ ತಾನು ಸತ್ತದ್ದು ಗೊತ್ತಿರುತ್ತದೆಯೇ?

ಆಗ ಸೈರನ್ ಕೂಗಿತು. ಕೆಳಗೆ ಕೆಲಸದವರೆಲ್ಲ ಗುಡಿಸಲ ಮರೆಗೆ ಸರಿದರು. ಒಬ್ಬ ಮಾತ್ರ ಹೊರಗೆ ಉಳಿದ. ಎಡಭುಜ ಇಳಿಬಿಟ್ಟು, ಮದ್ದಿನ ತಂತಿಯ ಹತ್ತಿರ, ಒಬ್ಬನೇ. ಎಲ್ಲರೂ ಸರಿದರೇ ಎಂದು ತಿರುತಿರುಗಿ ನೋಡಿದ. ಸಿಡಿತದ ಮೊದಲು ಒಂದು ಮೌನ ಬರುತ್ತದೆ, ಹಕ್ಕಿಗಳೂ ಬಾಯಿ ಮುಚ್ಚುತ್ತವೆ. ಆ ಮೌನದಲ್ಲಿ ಅಮ್ಮ ನನ್ನ ಕಿವಿಯ ಹತ್ತಿರ, “ಬಂದ್ನಾ?” ಎಂದಳು. ಕೊನೆಯ ದಿನ ಕೇಳಿದ ಹಾಗೆಯೇ, ಅದೇ ದನಿಯಲ್ಲಿ.

ಬಂಡೆ ನಡುಗಿತು. ನೋಡಿದರೆ ಓತಿ ಇರಲಿಲ್ಲ.

ಅಮ್ಮ ಕೇಳಿದ್ದು ಅವನನ್ನು. ನನ್ನ ಕೈ ಹಿಡಿದುಕೊಂಡು ಅವನನ್ನು ಕೇಳುತ್ತಿದ್ದಳು. ಇದನ್ನು ಹಿಂದೆ ಎಲ್ಲೂ ಬರೆದ ನೆನಪಿಲ್ಲ.

ಮಾರ್ಚ್ ೧೫, ಶನಿವಾರ

ದೊಡ್ಡಮ್ಮ ಕರೆದಳು. “ಬಾ ಇಲ್ಲಿ, ನೆಟ್ಟಗೆ ನಿಲ್ಲು.” ಹೊಸ ಖಾಕಿ ಬಟ್ಟೆಯನ್ನು ನನ್ನ ಬೆನ್ನ ಮೇಲೆ ಹಾಸಿ ಸೂಜಿ ಚುಚ್ಚತೊಡಗಿದಳು. ಅದು ಯಾರ ಬಟ್ಟೆಯೆಂದು ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು.

“ಇದು ನಂದಲ್ಲ.”

“ನಿಂದು ಅಂತ ಯಾರು ಹೇಳಿದ್ರು? ಅವನು ಅಳತೆ ಕೊಡೋಕೆ ನಿಂತ್ಕೊಳ್ಳಲ್ಲ. ಬರ್ತಾನೆ, ಹೊಸಿಲಲ್ಲೇ ಬಟ್ಟೆ ಇಟ್ಟು ಹೋಗ್ತಾನೆ, ನೀನು ಒಳಗಿರ್ತೀಯೇನೋ ಅಂತ. ಅದಕ್ಕೇ ನಿನ್ನ ಭುಜ ನೋಡಿ ಕತ್ತರಿಸ್ತೀನಿ.”

“ಯಾವಾಗಿಂದ?”

“ನೀನು ಇಲ್ಲಿಗೆ ಬಂದಾಗಿಂದ. ನೀನು ನಿದ್ದೆ ಮಾಡೋವಾಗ ದಾರದಲ್ಲಿ ಅಳೀತಿದ್ದೆ. ಈಗ ಎಚ್ಚರ ಇದ್ದಾಗ್ಲೂ ಅಳೀಬಹುದು ಅನ್ನಿಸ್ತು.” ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. “ಎಡಗಡೆ ಸ್ವಲ್ಪ ಇಳಿಜಾರು. ಇಬ್ಬರಿಗೂ. ಒಂದು ಸಲಾನೂ ಅಳತೆ ತಪ್ಪಿಲ್ಲ.”

ಕನ್ನಡಿ ಎದುರಿಗೇ ಇತ್ತು. ಮೊನ್ನೆ ಜಾಡಿಯ ಗಾಜಿನಲ್ಲಿ ಕಂಡವನು ಅಲ್ಲಿ ಖಾಕಿ ಹೊದ್ದು ನಿಂತಿದ್ದ. ಈ ಸಲ ನಾನು ಹಿಂದೆ ತಿರುಗಿ ನೋಡಲಿಲ್ಲ.

“ಅಮ್ಮ ಸತ್ತ ದಿನ ಯಾಕೆ ಬರಲಿಲ್ಲ?” ಎಂದು ಕೇಳಿದ್ದು ನಾನೇ. ಅವಳು ಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು.

“ಬಂಡೇಲಿ ಕೊರೆದ ಕುಳಿಗೆಲ್ಲ ಮದ್ದು ತುಂಬಿಯಾಗಿತ್ತಂತೆ. ತುಂಬಿದ ಮೇಲೆ ಸಿಡಿಸೋ ತನಕ ಮೇಸ್ತ್ರಿ ಅಲ್ಲಿಂದ ಕದಲೋ ಹಾಗಿಲ್ಲ. ಕೆಳಗೆ ಇಪ್ಪತ್ತು ಜನ ಇದ್ರು. ಇನ್ನೊಬ್ಬ ಮೇಸ್ತ್ರಿ ರಜೆ ಹಾಕಿದ್ದ.”

“ನನಗ್ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ. ಕೇಳದೆ ಹೇಳಿದ್ರೆ ಕರಪತ್ರ ಬರೀತಿದ್ದೆ.”

ಇದರಿಂದ ಏನೂ ಬದಲಾಗುವುದಿಲ್ಲ. ಕ್ವಾರಿ ಕ್ವಾರಿಯೇ.

ಮಾರ್ಚ್ ೧೬, ಭಾನುವಾರ

ವಾಚನಾಲಯದಲ್ಲಿ ಸಭೆ. ಸಮಿತಿಯ ಮುಂದೆ ನಮ್ಮ ಪರವಾಗಿ ಮಾತಾಡುವವನು ನಾನು. ಎರಡನೆಯ ಮರದ ವಿಷಯ ಹೇಳಿದೆ. ಹೇಳಬೇಡ ಎಂದಿದ್ದ ಮೇಡಂ ಈಗ, “ಹೇಳು, ನಾನೂ ಎರಡನ್ನೂ ಸಮಿತಿಗೆ ಕಳಿಸಿದೀನಿ. ಪುಟ ತುಂಬ ಅಂಕಿ ಇದೆ, ಅವರು ಓದ್ತಾರೋ ಇಲ್ವೋ ಗೊತ್ತಿಲ್ಲ,” ಎಂದಿದ್ದರು.

ನಮ್ಮ ಗುಂಪಿನ ಅಧ್ಯಕ್ಷ ತಾಳ್ಮೆಯಿಂದ ಕೇಳಿಸಿಕೊಂಡ. “ಓದೋದಿಲ್ಲ ಬಿಡು. ನೀನು ಮೊದಲನೇದು ಮಾತ್ರ ಹೇಳು. ಅದು ಸುಳ್ಳಲ್ಲವಲ್ಲ?”

“ಸುಳ್ಳಲ್ಲ.”

“ಮತ್ತೆ? ಉಳಿದದ್ದು ಹೇಳೋಕೆ ನಿನಗೆ ಜೀವಮಾನ ಇದೆ. ಬೆಟ್ಟಕ್ಕೆ ಅಷ್ಟು ಟೈಮಿಲ್ಲ.”

ಅವನ ಮಾತಿನಲ್ಲಿ ನ್ಯಾಯವಿದೆ. ಒಂದು ತಿಂಗಳ ಹಿಂದಾಗಿದ್ದರೆ ಆ ಮಾತನ್ನು ನಾನೇ ಆಡಿರುತ್ತಿದ್ದೆ, ಇನ್ನೂ ಜೋರಾಗಿ. ಮನೆಗೆ ಬರುವ ದಾರಿಯಲ್ಲಿ ಮೊದಲ ಕರಪತ್ರ ಗೋಡೆಗೆ ಅಂಟಿರುವುದು ಕಂಡಿತು. ತಾಯಿಯೇ ಸಾಕ್ಷಿ. ಅಂಚು ಉಗುರಿನಿಂದ ಕೆರೆದು ನೋಡಿದೆ. ಗಟ್ಟಿಯಾಗಿ ಹಿಡಿದಿದೆ, ಬರಲಿಲ್ಲ.

ಮಾರ್ಚ್ ೧೮, ಮಂಗಳವಾರ

ಎರಡನ್ನೂ ಹೇಳಿದೆ.

ಹೇಳುವ ಉದ್ದೇಶವಿತ್ತೋ ಇಲ್ಲವೋ, ಬಾಯಿ ತೆರೆಯುವ ತನಕ ನನಗೇ ಗೊತ್ತಿರಲಿಲ್ಲ. ಸಭಾಂಗಣದಲ್ಲಿ ಫ್ಯಾನ್ ಕಿರುಗುಟ್ಟುತ್ತಿತ್ತು. ಸಮಿತಿಯ ಹಿರಿಯರು ನನ್ನ ಕರಪತ್ರವನ್ನು ಎತ್ತಿ ಹಿಡಿದು, “ಇದು ಬೇರೆ ಜಾತಿ ಅಂತ ನೀವು ಆಣೆ ಇಟ್ಟು ಹೇಳ್ತೀರಾ?” ಎಂದರು. ಮುಂದಿನ ಸಾಲಿನಲ್ಲಿ ವಾಚನಾಲಯದವರು. ಅಪ್ಪ ಹಿಂದಿನ ಬೆಂಚಿನಲ್ಲಿ ಕ್ವಾರಿಯ ಕೆಲಸಗಾರರ ನಡುವೆ ಕೂತಿದ್ದ, ಕಾಲರ್ ತಿರುವಿ ಹೊಲಿದ ಅಂಗಿಯಲ್ಲಿ.

“ಹೇಳಲ್ಲ,” ಎಂದೆ. “ತಾಯಿ ಎಳೆ ಬೇರೆ ಅನ್ನುತ್ತೆ. ಉಳಿದ ಮೈಯೆಲ್ಲ ಬಯಲಿನ ಓತಿನೇ ಅನ್ನುತ್ತೆ. ಎರಡೂ ನಿಜ. ಆ ಬೆಟ್ಟದ ಮೇಲೆ ಯಾರೋ ಇದ್ರು, ಈಗಿಲ್ಲ. ಅವರ ಗುರುತು ಉಳಿದಿರೋದು ಇವುಗಳೊಳಗೆ ಮಾತ್ರ. ಬೆಟ್ಟ ಹೋದ್ರೆ ಅದೂ ಹೋಗುತ್ತೆ. ನನಗೆ ಗೊತ್ತಿರೋದು ಇಷ್ಟೇ.”

ಕ್ವಾರಿಯ ವಕೀಲ ನಗುತ್ತ ಎದ್ದ. “ದೆವ್ವಕ್ಕೆ ಜಮೀನು ಕೇಳ್ತಿದಾರೆ ಸ್ವಾಮಿ.” ಜನ ನಕ್ಕರು. ಹಿಂದಿನ ಬೆಂಚಿನವರೂ ನಕ್ಕರು. ಅಪ್ಪ ನಗಲಿಲ್ಲ. ಕೈಕಟ್ಟಿ ನನ್ನನ್ನೇ ನೋಡುತ್ತಿದ್ದ, ಸಿಡಿತಕ್ಕೆ ಮೊದಲು ಕುಳಿಗಳ ಕಡೆ ನೋಡುವ ಹಾಗೆ.

ಆಮೇಲೆ ಮೇಡಂ ಮಾತಾಡಿದರು. ನೆತ್ತಿಯ ಓತಿಗಳ ನ್ಯೂಕ್ಲಿಯಸ್ಸಿನಲ್ಲಿ ಬಯಲಿನದಕ್ಕೆ ಹೊಂದದ ಒಂದೆರಡು ಚೂರು ಉಳಿದಿವೆ, ಅದು ಓದಿನ ದೋಷವೂ ಇರಬಹುದು, ಹಳೆಯ ಕುಲದ ಉಳಿಕೆಯೂ ಇರಬಹುದು, ತಿಳಿಯಲು ಇನ್ನಷ್ಟು ಮಾದರಿ ಬೇಕು ಎಂದರು. ಸಮಿತಿ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿತು. ಅಲ್ಲಿಯ ತನಕ ನೆತ್ತಿಯನ್ನು ಮುಟ್ಟುವಂತಿಲ್ಲ.

ಹೊರಗೆ ಅಧ್ಯಕ್ಷ ನನ್ನನ್ನು ದಾಟಿ ಹೋದ. “ಮನೆಮುರುಕ,” ಎಂದ, ಮೆಲ್ಲಗೆ, ಬೇರೆ ಯಾರಿಗೂ ಕೇಳಿಸದ ಹಾಗೆ.

ಮಾರ್ಚ್ ೧೯, ಬುಧವಾರ

ಮೇಡಂ ನಕ್ಷೆ ಹರಡಿ ತೋರಿಸಿದರು. ನಾನು ಓತಿ ಹಿಡಿದದ್ದು ನೆತ್ತಿಯಲ್ಲಿ, ಮತ್ತೆ ಬುಡದ ಬಯಲಿನಲ್ಲಿ. ನಡುವಿನಲ್ಲಿ ಒಂದೂ ಇಲ್ಲ. ನೆತ್ತಿಯವು ಬೇರೆ, ಬಯಲಿನವು ಬೇರೆ ಎಂದು ಕುಣಿಕೆ ಹಿಡಿಯುವ ಮೊದಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಎರಡೂ ಬೆರೆಯುವ ಜಾಗಕ್ಕೆ ಕೋಲು ಒಯ್ಯಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಮೇಡಂ ಬೈಯಲಿಲ್ಲ. “ನಾನೂ ಕೇಳ್ಬೇಕಿತ್ತು,” ಎಂದರು ಅಷ್ಟೇ.

ತಾಯಿ ಎಳೆ ಎಲ್ಲಿಯ ತನಕ ಇಳಿದಿದೆ, ಆ ಚೂರುಗಳು ಎಲ್ಲಿ ಮುಗಿಯುತ್ತವೆ ಎಂದು ತಿಳಿಯುವುದು ನಡುವಿನ ಓತಿಗಳಿಂದಲೇ. ನಡುವೆ ಉಳಿದಿರುವುದು ಕ್ವಾರಿಯವರು ಬೆಟ್ಟದ ಮಗ್ಗುಲಲ್ಲಿ ಕಡಿದ ಹಂತ, ನಡುಮೆಟ್ಟಿಲು ಮಾತ್ರ. ಸಮಿತಿಯ ಆದೇಶದಲ್ಲಿ ಅದಿಲ್ಲ. ಸೋಮವಾರ ಅದನ್ನು ಸಿಡಿಸುತ್ತಾರಂತೆ.

“ಅಲ್ಲಿಗೆ ನಮ್ಮನ್ನ ಯಾರು ಬಿಡ್ತಾರೆ?” ಎಂದರು ಮೇಡಂ.

ಉತ್ತರ ಇಬ್ಬರಿಗೂ ಗೊತ್ತಿತ್ತು ಅನಿಸುತ್ತದೆ.

ಮಾರ್ಚ್ ೨೧, ಶುಕ್ರವಾರ

ದೊಡ್ಡಮ್ಮ ಹೊಸ ಅಂಗಿಯನ್ನು ಮಡಚಿ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. “ಹೇಗೂ ಆ ಕಡೆ ಹೋಗ್ತೀಯಲ್ಲ,” ಎಂದಳು. ಆ ಕಡೆ ಹೋಗುತ್ತೇನೆಂದು ನಾನು ಹೇಳಿರಲಿಲ್ಲ.

ಕ್ವಾರಿಯ ಬಾಗಿಲಲ್ಲಿ ಲಾರಿ ತೂಗುವ ವೇಬ್ರಿಜ್ ಇದೆ, ಅದರ ಪಕ್ಕ ಕಲ್ಲುದೂಳು ಮೆತ್ತಿದ ಒಂದು ಬೆಂಚು. ಅಪ್ಪ ಅಲ್ಲಿ ಕೂತು ಬೂಟಿನೊಳಗಿನ ಹರಳು ಕೊಡವುತ್ತಿದ್ದ.

“ಬಾರಪ್ಪ ಸಾಕ್ಷಿ,” ಎಂದ. “ದೆವ್ವ ಹೇಗಿದೆ?”

“ಚೆನ್ನಾಗಿದೆ.”

ಅಂಗಿಯ ಪೊಟ್ಟಣ ಕೊಟ್ಟೆ. ಬಿಚ್ಚಿ ಎದೆಗೆ ಹಿಡಿದು ಭುಜದ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದ. “ಸರಿಯಾಗಿದೆ. ನಿನ್ನ ದೊಡ್ಡಮ್ಮಂಗೆ ನಾನು ಒಂದು ಸಲಾನೂ ಅಳತೆ ಕೊಟ್ಟಿಲ್ಲ. ಯಾರ ಮೈಮೇಲೆ ನೋಡ್ತಾಳೋ.”

“ಗೊತ್ತಿಲ್ಲ,” ಎಂದೆ. ಯಾಕೆ ಹಾಗೆಂದೆನೋ. ಅವನು ನನ್ನ ಎಡಭುಜ ನೋಡಿದ, ಬೆಂಚಿನ ಮೇಲೆ ಸ್ವಲ್ಪ ಸರಿದ. ಕೂತೆ. ಅವನ ಕೂದಲೆಲ್ಲ ಬೆಳ್ಳಗಿತ್ತು, ಮುಪ್ಪಿನಿಂದಲೋ ಕಲ್ಲಿನ ದೂಳಿನಿಂದಲೋ ಹೇಳಲಾಗದು.

ನಡುಮೆಟ್ಟಿಲಿಗೆ ಹೋಗಬೇಕು, ಓತಿ ಹಿಡಿಯಬೇಕು, ಸೋಮವಾರಕ್ಕೆ ಮೊದಲು, ಎಂದೆ. ಅಪ್ಪ ಬಹಳ ಹೊತ್ತು ಬೂಟಿನ ದಾರ ಕಟ್ಟಿದ.

“ನಿನ್ನ ಓತಿ ಗೆದ್ರೆ ನನ್ನ ಕೆಲಸ ಹೋಗುತ್ತೆ.”

“ಗೆಲ್ಲುತ್ತೆ ಅಂತ ನನಗೆ ಗೊತ್ತಿಲ್ಲ. ಸೋಲಲೂಬಹುದು.”

“ಹಾಗಂತ ಮೊನ್ನೆ ಅಲ್ಲೂ ಹೇಳ್ದೆ. ಅದಕ್ಕೇ ಇನ್ನೂ ಕೂತಿದೀನಿ.” ಬೆಟ್ಟದ ಕಡೆ ಕೈ ತೋರಿಸಿದ. “ಕುಳಿ ನಾಳೆ ಕೊರೆದು ಮುಗಿಯುತ್ತೆ. ಮದ್ದು ತುಂಬೋದು ಸೋಮವಾರ ಬೆಳಿಗ್ಗೆ. ಭಾನುವಾರ ಕುಳಿಯೆಲ್ಲ ಖಾಲಿ. ತುಂಬಿದ ಮೇಲೆ ನಾನು ಯಾರ ಮಾತೂ ಕೇಳಲ್ಲ, ನೋಡು. ಯಾರೇ ಕರೆದ್ರೂ ಕೇಳೋಕಾಗಲ್ಲ.”



“ಗೊತ್ತು,” ಎಂದೆ.

“ಯಾರು ಹೇಳಿದ್ರು?”

“ದೊಡ್ಡಮ್ಮ.” ಆಮೇಲೆ, “ಅಮ್ಮ ನಿನ್ನನ್ನ ಕೇಳಿದ್ಲು. ಬಂದ್ನಾ ಅಂತ,” ಎಂದೆ.

ಅಪ್ಪ ಬಿಚ್ಚಿದ ಅಂಗಿಯನ್ನು ಮತ್ತೆ ಮಡಚಿದ. ತೋಳು ಸರಿಯಾಗಿ ಕೂರಲಿಲ್ಲ, ಬಿಚ್ಚಿ ಇನ್ನೊಮ್ಮೆ ಮಡಚಿದ. ವೇಬ್ರಿಜ್ ಮೇಲೆ ಲಾರಿಯೊಂದು ಹತ್ತಿತು, ಮುಳ್ಳು ಅಲುಗಿತು, ಲಾರಿ ಇಳಿದು ಹೋಯಿತು.

“ಮಾಲೀಕನಿಗೆ ಗೊತ್ತಾದ್ರೆ?” ಎಂದು ಕೇಳಿದೆ.

“ಭಾನುವಾರ ಬೆಳಿಗ್ಗೆ ಅವನು ಏಳೋದು ಹತ್ತಕ್ಕೆ. ನಿಮ್ಮ ಮೇಡಂಗೆ ಗಟ್ಟಿ ಚಪ್ಪಲಿ ಹಾಕ್ಕೊಂಡು ಬರೋಕೆ ಹೇಳು. ನೀನು ನನ್ನ ಹಿಂದೇನೇ ಬರ್ಬೇಕು, ನಾನು ಕಾಲಿಟ್ಟ ಕಡೇನೇ ಇಡ್ಬೇಕು. ಬಾಲ ಎಷ್ಟು ಕತ್ತರಿಸ್ತೀಯ?”

“ಉಗುರಿನಷ್ಟು.”

“ನೋವಾಗುತ್ತಾ?”

“ಆಗುತ್ತೆ. ಮತ್ತೆ ಬೆಳೆಯಲ್ಲ.”

“ಹೂಂ,” ಎಂದ.

ಮನೆಗೆ ಬಂದು ಕುಣಿಕೆಯ ದಾರ ಬದಲಿಸಿದೆ. ನಳಿಕೆಗಳಿಗೆ ಹೊಸ ಚೀಟಿ ಅಂಟಿಸಿದೆ. ನೆತ್ತಿ ಎಂದೂ ಬರೆಯಲಿಲ್ಲ, ಬಯಲು ಎಂದೂ ಬರೆಯಲಿಲ್ಲ. ಅಲ್ಲಿ ಏನು ಸಿಗುತ್ತದೋ ಅದನ್ನೇ ಬರೆಯಬೇಕು. ಮೇಡಂಗೆ ಹೇಳಿಯಾಯಿತು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ವೇಬ್ರಿಜ್ ಪಕ್ಕದ ಬೆಂಚಿನ ಹತ್ತಿರ.